ಕ್ಲಿಕ್‌ ಮಾಡೋಕೆ ಮುಂಚೆ: ಶಿರಸಿ ಸೀಮೆಯ ನಾಲ್ಕು ಫೋಟೊಗಳ ಹಿಂದಿನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಬೆಳಗ್ಗೆ ಎದ್ದು ಮೊಬೈಲ್ ತೆರೆದ್ರೆ ಸಾಕು, ಹತ್ತಾರು ಫೋಟೊ. ಮಂಜು ಮುಸುಕಿದ ತೋಟ, ಎಲೆ ಮೇಲೆ ಕೂತ ಕಪ್ಪೆ, ಕೊಕ್ಕಿನಲ್ಲಿ ಹಣ್ಣು ಹಿಡಿದ ಹಕ್ಕಿ. ನೋಡ್ತೀವಿ, ಒಂದು ಲೈಕ್ ಒತ್ತುತ್ತೀವಿ, ಮುಂದೆ ಹೋಗ್ತೀವಿ. ಆದರೆ ಆ ಫೋಟೊ ತೆಗೆದವರು ಎಲ್ಲಿ ನಿಂತಿದ್ರು, ಎಷ್ಟು ಹೊತ್ತು ಕಾದ್ರು, ಎದುರಿಗಿದ್ದ ಜೀವಕ್ಕೆ ಅದರಿಂದ ಏನಾಯ್ತು ಅನ್ನೋದು ಫೋಟೊದಲ್ಲಿ ಕಾಣೋದಿಲ್ಲ. ಇವತ್ತು ಅದನ್ನೇ ಮಾತಾಡೋಣ.

ನಾನು ವೃತ್ತಿಪರ ಛಾಯಾಗ್ರಾಹಕ ಅಲ್ಲ. ರಜೆ ಸಿಕ್ಕಾಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕ್ಯಾಮೆರಾ ಹಿಡಿದು ತಿರುಗುವ ಹವ್ಯಾಸಿ. ಈ ಸೀಮೆಯಲ್ಲಿ ನನ್ನಂಥವರು ಕಡಿಮೆಯೇನಿಲ್ಲ. ಕಾರಣ ಸರಳ. ಮನೆಯ ಹಿತ್ತಿಲು ದಾಟಿದರೆ ಅಡಿಕೆ ತೋಟ, ತೋಟ ದಾಟಿದರೆ ಸೊಪ್ಪಿನ ಬೆಟ್ಟ, ಬೆಟ್ಟ ದಾಟಿದರೆ ಕಾನು. ಫೋಟೊಕ್ಕೆ ವಿಷಯ ಹುಡುಕಿಕೊಂಡು ದೂರ ಹೋಗೋದೇ ಬೇಡ. ವರ್ಷದ ನಾಲ್ಕು ಕಾಲದ ನಾಲ್ಕು ಫೋಟೊಗಳನ್ನು ಇಟ್ಟುಕೊಂಡು, ಅವುಗಳ ಹಿಂದೆ ಏನಿತ್ತು ಅಂತ ಹೇಳ್ತೀನಿ.

ಮೇ: ಮಿಣುಕು ಹುಳದ ಮರ

ಮುಂಗಾರು ಹಿಡಿಯೋಕೆ ಮುಂಚಿನ ಕೆಲವು ವಾರಗಳಲ್ಲಿ, ಒಂದೆರಡು ಅಡ್ಡಮಳೆ ಬಿದ್ದ ಮೇಲೆ, ಕಾನಿನ ಅಂಚಿನ ಮರಗಳು ರಾತ್ರಿ ಬೆಳಗೋಕೆ ಶುರುವಾಗ್ತವೆ. ಸಾವಿರಾರು ಮಿಣುಕು ಹುಳ ಒಟ್ಟಿಗೇ ಹೊತ್ತಿ, ಒಟ್ಟಿಗೇ ಆರುತ್ತವೆ. ನೀವು ನೋಡಿರುವ ಅಂಥ ಫೋಟೊಗಳಲ್ಲಿ ಇಡೀ ಕಾಡೇ ಹಳದಿ ಚುಕ್ಕಿಗಳಿಂದ ತುಂಬಿರುತ್ತೆ, ಅಲ್ವಾ? ನಿಜ ಹೇಳ್ತೀನಿ, ಕಣ್ಣಿಗೆ ಅದು ಹಾಗೆ ಕಾಣೋದಿಲ್ಲ.

ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲುಗಾಡದಂತೆ ಇಟ್ಟು, ಮೂವತ್ತು ಸೆಕೆಂಡು ಕಣ್ಣು ತೆರೆದಿಡ್ತೀವಿ. ಅಂಥ ನೂರು ಫೋಟೊ ಅಂದ್ರೆ ಐವತ್ತು ನಿಮಿಷ. ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು ಸೇರಿಸ್ತೀವಿ. ಐವತ್ತು ನಿಮಿಷದ ಎಲ್ಲ ಮಿಂಚೂ ಒಂದೇ ಚೌಕಟ್ಟಿಗೆ ಬಂತು. ಇದು ಮೋಸ ಅಲ್ಲ, ಆದರೆ ಹೇಳಿಬಿಡಬೇಕು. ಇಲ್ಲದಿದ್ರೆ ಫೋಟೊ ನೋಡಿ ಬಂದವರು, ‘ಇಷ್ಟೇನಾ?’ ಅಂತ ಟಾರ್ಚ್ ಹಾಕಿ ಹುಡುಕೋಕೆ ಶುರು ಮಾಡ್ತಾರೆ.

ಅಪಾಯ ಇರೋದೇ ಅಲ್ಲಿ. ಆ ಮಿಂಚು ಅಲಂಕಾರ ಅಲ್ಲ, ಸಂದೇಶ. ಗಂಡು ಮಿನುಗಿ ಕರೆಯುತ್ತೆ, ಹೆಣ್ಣು ಮಿನುಗಿ ಉತ್ತರ ಕೊಡುತ್ತೆ. ರೆಕ್ಕೆ ಬಂದ ಮೇಲೆ ಅವು ಬದುಕೋದು ಕೆಲವೇ ವಾರ. ನಮ್ಮ ಹೆಡ್‌ಲೈಟು, ಟಾರ್ಚು ಬಿದ್ದರೆ ಆ ಮಾತುಕತೆ ಅಲ್ಲಿಗೆ ನಿಲ್ಲುತ್ತೆ. ಹಾಗಾಗಿ ಬೆಳಕಿರುವಾಗಲೇ ಜಾಗಕ್ಕೆ ಹೋಗಿ, ಫೋಕಸ್ ಹೊಂದಿಸಿ, ಕತ್ತಲಾದ ಮೇಲೆ ಮೊಬೈಲ್ ಪರದೆಯನ್ನೂ ಆರಿಸಿ ಕೂತುಬಿಡೋದು ಒಳ್ಳೇದು.

ಜುಲೈ: ಮಣ್ಣು ಮೆತ್ತುವ ಕಪ್ಪೆ

ಮಳೆಗಾಲದಲ್ಲಿ ಹವ್ಯಾಸಿಗಳ ದಿಕ್ಕು ಸಿದ್ದಾಪುರ. ಜೋಗದಿಂದ ಹೊನ್ನಾವರದ ಕಡೆ ಘಟ್ಟ ಇಳಿಯುವ ದಾರಿಯಲ್ಲಿ ಕತ್ತಲೆಕಾನು ಅಂತ ಒಂದು ಕಾಡಿದೆ. ಹಗಲಲ್ಲೂ ಬೆಳಕು ಕಮ್ಮಿ, ಹೆಸರಿಗೆ ತಕ್ಕ ಹಾಗೆ. ಅಲ್ಲಿ ರಾಮಪತ್ರೆ ಜಡ್ಡಿ ಇದೆ. ಅಂದ್ರೆ ನೀರು ನಿಂತ ಜೌಗಿನಲ್ಲಿ ಬೆಳೆಯುವ ಕಾಡು, ಮರದ ಬೇರುಗಳು ಮೊಣಕಾಲು ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದಿರುತ್ತವೆ. ಬಹಳ ಹಳೆಯ, ಈಗ ಚೂರು ಚೂರಾಗಿ ಮಾತ್ರ ಉಳಿದಿರುವ ಕಾಡು ಅದು.

ಈ ಹಳ್ಳಗಳ ಒಂದು ಕಪ್ಪೆಯನ್ನು ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದ ಅಂತ ಜಗತ್ತಿಗೆ ಪರಿಚಯಿಸಿದರು. ಹೆಸರು ನಿಕ್ಟಿಬಾಟ್ರಾಕಸ್ ಕುಂಬಾರ. ಹೌದು, ನಮ್ಮ ಕುಂಬಾರನೇ! ಹಳ್ಳದ ಮೇಲೆ ಚಾಚಿದ ಕಡ್ಡಿಗೋ ತೊಗಟೆಗೋ ಹೆಣ್ಣು ಮೊಟ್ಟೆ ಅಂಟಿಸುತ್ತೆ. ಆಮೇಲೆ ಗಂಡು ನೀರಿನಡಿಯ ಮಣ್ಣನ್ನು ಮುಂಗೈಯಲ್ಲಿ ಎತ್ತಿ, ಹಿಂಗಾಲಿನ ಮೇಲೆ ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತೆ. ಗಡಿಗೆ ಮಾಡುವವರ ಹಾಗೇ.

ಇದನ್ನು ಕೇಳಿದ ಮೇಲೆ ಯಾವ ಹವ್ಯಾಸಿಗೆ ತಾನೆ ಸುಮ್ಮನೆ ಕೂರೋಕೆ ಆಗುತ್ತೆ? ನಾನೂ ಅಂಥ ಒಂದು ಹಳ್ಳದ ಪಕ್ಕ ಎರಡು ರಾತ್ರಿ ಕೂತೆ. ಮಳೆ, ಉಂಬಳ, ಲೆನ್ಸಿನ ಮೇಲೆ ಹಬೆ. ಕೂಗು ಕೇಳಿಸ್ತು, ಕಪ್ಪೆ ಕಾಣಿಸ್ಲಿಲ್ಲ. ಕಡೆಗೆ ನನಗೆ ಸಿಕ್ಕಿದ್ದು ಮಣ್ಣು ಮೆತ್ತಿದ ಒಂದು ಕಡ್ಡಿ, ಅಷ್ಟೇ. ಗೊತ್ತಿಲ್ಲದವರಿಗೆ ಅದು ಕೆಸರು ಹತ್ತಿದ ಪುರಳೆ. ಆದರೆ ನನ್ನ ಪಾಲಿಗೆ ಅದು ಒಳ್ಳೆಯ ಫೋಟೊ. ಯಾಕಂದ್ರೆ ಆ ಮಣ್ಣಿನ ಹಿಂದೆ ಒಂದು ರಾತ್ರಿಯ ಕೆಲಸ ಇದೆ ಅಂತ ನನಗೆ ಗೊತ್ತು.

ಇನ್ನೂ ಚೆನ್ನಾಗಿ ಬರಲಿ ಅಂತ ಕಡ್ಡಿ ಮುರಿದು ಬೆಳಕಿಗೆ ಹಿಡಿಯೋರು, ಕಪ್ಪೆ ಎತ್ತಿ ಚಂದದ ಎಲೆ ಮೇಲೆ ಕೂರಿಸೋರು ಇದ್ದಾರೆ. ಕಪ್ಪೆಯ ಚರ್ಮ ನೀರನ್ನೂ ಗಾಳಿಯನ್ನೂ ಒಳಗೆ ಬಿಡುತ್ತೆ. ಸೊಳ್ಳೆ ಮುಲಾಮು ಹಚ್ಚಿದ ಕೈ ಅದಕ್ಕೆ ವಿಷ. ಕಪ್ಪೆಗಳ ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಶಿಲೀಂಧ್ರ ರೋಗ ಹಲವು ದೇಶಗಳಲ್ಲಿ ಕಪ್ಪೆಗಳನ್ನು ಅಳಿಸಿದೆ. ಆ ಶಿಲೀಂಧ್ರ ಪಶ್ಚಿಮಘಟ್ಟದಲ್ಲೂ ಪತ್ತೆಯಾಗಿದೆ. ಒಂದು ಹಳ್ಳದ ಕೆಸರನ್ನು ಬೂಟಿನಲ್ಲಿ ಇನ್ನೊಂದು ಹಳ್ಳಕ್ಕೆ ಒಯ್ಯಬಾರದು, ತೊಳೆದು ಒಣಗಿಸಿಕೊಂಡೇ ಹೋಗಬೇಕು ಅನ್ನೋದು ಇದಕ್ಕೇ.

ಡಿಸೆಂಬರ್: ಹಗ್ಗ ಹಿಡಿದ ಕೈ

ಈಗ ಕಾಡಿನಿಂದ ತೋಟಕ್ಕೆ ಬರೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರನ್ನೂ ಒಂದೇ ದಾರದಲ್ಲಿ ಕಟ್ಟೋದು ಅಡಿಕೆ. ಇಲ್ಲಿನ ಅಡಿಕೆಗೆ ‘ಶಿರಸಿ ಸುಪಾರಿ’ ಅನ್ನೋ ಹೆಸರಲ್ಲಿ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ.

ಕೊನೆ ಕೊಯ್ಲಿನ ಫೋಟೊ ಅಂದ ತಕ್ಷಣ ಎಲ್ಲರ ಕ್ಯಾಮೆರಾ ಮೇಲಕ್ಕೆ ತಿರುಗುತ್ತೆ. ಕೊನೆಗೌಡ ಕಾಲಿಗೆ ತಳೆ ಹಾಕಿ ಮರ ಏರ್ತಾನೆ. ಕೊನೆ ಕೊಯ್ದು ಹಗ್ಗದಲ್ಲಿ ಜಾರಿಸ್ತಾನೆ. ಕೆಳಗಿಳಿಯದೇ ಪಕ್ಕದ ಮರ ಎಳೆದುಕೊಂಡು ಅದಕ್ಕೆ ದಾಟ್ತಾನೆ. ಆದರೆ ತೋಟಗಳು ಗುಡ್ಡಗಳ ನಡುವಿನ ತಗ್ಗಿನಲ್ಲಿ ಇರೋದ್ರಿಂದ ಬಿಸಿಲು ತಡವಾಗಿ ಇಳಿಯುತ್ತೆ. ಕೆಳಗೆ ಕತ್ತಲೆ, ಮೇಲೆ ಬೆಳ್ಳಗಿನ ಆಕಾಶ. ಕ್ಯಾಮೆರಾ ಆಕಾಶ ನೋಡಿ ಮೋಸ ಹೋಗುತ್ತೆ, ಮನುಷ್ಯ ಬರೀ ಕಪ್ಪು ಆಕೃತಿ ಆಗ್ತಾನೆ.

ಅವತ್ತು ನಾನು ಮಾಡಿದ ತಪ್ಪು ಕೇಳಿ. ಮುಖ ಕಾಣಲಿ ಅಂತ ಕೆಳಗಿಂದ ಕೂಗಿದೆ, ಇತ್ತ ನೋಡಿ ಅಂತ. ಮೇಲಿದ್ದವರು ನೋಡಲಿಲ್ಲ. ಕೆಳಗೆ ಹಗ್ಗ ಹಿಡಿದು ನಿಂತವರು ಮಾತ್ರ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ ಸಾಕಾಯ್ತು. ಅಷ್ಟು ಎತ್ತರದಲ್ಲಿ ಬಾಗಿದ ಮರಕ್ಕೆ ಜೋತು ಬಿದ್ದ ಮನುಷ್ಯನ ಗಮನ ಎಳೆಯೋದು ಅಂದ್ರೆ ಏನು ಅಂತ ಆಗ ಹೊಳೀತು.

ಕ್ಯಾಮೆರಾ ಕೆಳಗಿಳಿಸಿ ಅವರನ್ನೇ ನೋಡ್ತಾ ನಿಂತೆ. ಕೊನೆ ಸರ್ರಂತ ಜಾರಿ ಬಂದಾಗ ಹಗ್ಗವನ್ನು ಎಷ್ಟು ಬೇಕೋ ಅಷ್ಟೇ ಸಡಿಲಿಸಿ, ಕಾಯಿ ಉದುರದ ಹಾಗೆ ಹಿಡಿಯುವ ಕೈ. ಅಂಗೈ ಮೇಲೆ ಹಗ್ಗದ್ದೇ ಗೆರೆ. ಆ ದಿನದ ಒಳ್ಳೆಯ ಫೋಟೊ ಅದೇ. ಈಗ ತೋಟಗಳಿಗೆ ಫೈಬರ್ ದೋಟಿ ಬಂದಿದೆ, ನೆಲದ ಮೇಲೇ ನಿಂತು ಕೊಯ್ಯಬಹುದು. ಜೀವಕ್ಕೆ ಅದು ಒಳ್ಳೆಯದೇ. ಆದರೆ ಈ ಕೈಗಳ ಕೆಲಸ ಕಮ್ಮಿ ಆಗ್ತಾ ಇದೆ. ಹಾಗಾಗಿ ಇಂಥ ದಿನನಿತ್ಯದ ಫೋಟೊ ನಾಳೆಗೆ ದಾಖಲೆ ಆಗುತ್ತೆ. ಕೇಳಿ ತೆಗೀರಿ, ಒಂದು ಪ್ರಿಂಟ್ ಹಾಕಿಸಿ ಅವರಿಗೂ ಕೊಡಿ.

ಮಾರ್ಚ್: ಯಾರಿಗೂ ತೋರಿಸದ ಫೋಟೊ

ಕೊನೆಯದು ಯಲ್ಲಾಪುರದ ಕಡೆಯದ್ದು. ಇದನ್ನು ಹೇಳೋಕೆ ಸ್ವಲ್ಪ ಮುಜುಗರ.

ಮಂಗಟ್ಟೆ, ಅಂದ್ರೆ ಹಾರ್ನ್‌ಬಿಲ್, ದೊಡ್ಡ ಮರದ ಪೊಟರೆಯಲ್ಲಿ ಗೂಡು ಮಾಡುತ್ತೆ. ಹೆಣ್ಣು ಒಳಗೆ ಹೋಗಿ ತನ್ನ ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತೆ. ವಾರಗಟ್ಟಲೆ ಅದಕ್ಕೂ ಮರಿಗಳಿಗೂ ಊಟ ಅಂದ್ರೆ ಗಂಡು ತಂದುಕೊಟ್ಟಿದ್ದೇ. ಅತ್ತಿ, ಆಲದ ಜಾತಿಯ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದಾಗಿ ಹೊರತೆಗೆದು ಸೀಳಿನೊಳಗೆ ಕೊಡುತ್ತೆ.

ಬೆಟ್ಟದ ಅಂಚಿನಲ್ಲಿ ಅಂಥ ಒಂದು ಗೂಡು ಇದೆ ಅಂತ ಗೊತ್ತಾಯ್ತು. ಹೋಗಿ ಮರದ ಬುಡದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತೆ. ಗಂಡು ಬಂತು. ಗಂಟಲು ಉಬ್ಬಿತ್ತು. ನನ್ನನ್ನು ಕಂಡಿತು, ದೂರದ ಕೊಂಬೆಯಲ್ಲಿ ಕೂತಿತು. ನಾನು ಅಲುಗಾಡಲಿಲ್ಲ, ಇದೇ ತಾಳ್ಮೆ ಅಂದುಕೊಂಡೆ. ನಲವತ್ತು ನಿಮಿಷ! ಆಮೇಲೆ ಅದು ಹಣ್ಣಿನ ಸಮೇತ ಹಾರಿಹೋಯ್ತು. ಅದು ಹಾರುವಾಗ ಒಂದು ಫೋಟೊ ಸಿಕ್ತು. ಚೂಪಾಗಿದೆ, ಬೆಳಕೂ ಚೆನ್ನಾಗಿದೆ. ಆದರೆ ಆ ಫೋಟೊದಲ್ಲಿ ಇರೋದು ಒಳಗಿದ್ದವರಿಗೆ ಸೇರದ ಊಟ. ಅದನ್ನು ಇವತ್ತಿಗೂ ಯಾರಿಗೂ ತೋರಿಸಿಲ್ಲ.

ಮುಂದಿನ ವಾರ ಎದುರಿನ ಇಳಿಜಾರಿನಲ್ಲಿ, ಪೊದೆಯ ಹಿಂದೆ ಕೂತೆ. ಗಂಡು ನೇರವಾಗಿ ಗೂಡಿಗೆ ಬಂತು, ಕೊಟ್ಟಿತು, ಹೋಯ್ತು. ಫೋಟೊದಲ್ಲಿ ಹಕ್ಕಿ ಹೆಬ್ಬೆಟ್ಟಿನಷ್ಟು, ಉಳಿದಿದ್ದೆಲ್ಲ ಮರ. ನನ್ನ ಗೋಡೆಯ ಮೇಲಿರೋದು ಅದು.

ಹಾಗಾದರೆ ಏನು ಮಾಡಬೇಕು?

ಗಮನಿಸಿ ನೋಡಿ, ಈ ನಾಲ್ಕೂ ಫೋಟೊದಲ್ಲಿ ಇರುವವರು ಕೆಲಸದಲ್ಲಿದ್ದಾರೆ. ಹುಳ ಸಂಗಾತಿಯನ್ನು ಕರೀತಿದೆ, ಕಪ್ಪೆ ಮೊಟ್ಟೆ ಕಾಪಾಡ್ತಿದೆ, ಮನುಷ್ಯ ಕೊನೆ ಇಳಿಸ್ತಿದ್ದಾನೆ, ಹಕ್ಕಿ ಊಟ ಹೊತ್ತು ತಂದಿದೆ. ನಾವಿಲ್ಲದಾಗ ನಡೆಯುವ ಆ ಕೆಲಸ ನಾವಿದ್ದಾಗಲೂ ಹಾಗೇ ನಡೀತಾ ಇದ್ರೆ, ನಾವು ಸರಿಯಾದ ಜಾಗದಲ್ಲಿ ನಿಂತಿದ್ದೀವಿ ಅಂತ ಅರ್ಥ. ಕೆಲಸ ನಿಂತರೆ ಹಿಂದೆ ಸರೀಬೇಕು. ಇದಕ್ಕೆ ದುಬಾರಿ ಲೆನ್ಸು ಬೇಕಿಲ್ಲ.

ಇನ್ನೊಂದು ಮಾತು. ಮೊಬೈಲ್‌ನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೊ ಒಳಗೇ ಜಾಗದ ಗುರುತು ಕೂತಿರುತ್ತೆ. ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ ಆ ಗುರುತೂ ಜೊತೆಗೇ ಹೋಗುತ್ತೆ. ಇವತ್ತು ಒಬ್ಬರು ಕೂತ ಗೂಡಿನ ಕೆಳಗೆ ನಾಳೆ ಹತ್ತು ಜನ ಕೂರ್ತಾರೆ. ಹಾಗಾಗಿ ಗೂಡಿನ ಫೋಟೊ ಹಾಕುವಾಗ ಲೊಕೇಶನ್ ತೆಗೆದುಹಾಕಿ, ಊರಿನ ಹೆಸರು ಬಿಡಿ, ತಾಲ್ಲೂಕು ಹೇಳಿದರೆ ಸಾಕು. ಅದನ್ನೂ ಮರಿ ಹಾರಿಹೋದ ಮೇಲೆ ಹಾಕಿ. ಅರಣ್ಯದೊಳಗೆ, ಅದರಲ್ಲೂ ರಾತ್ರಿ ಹೊತ್ತು ಹೋಗೋದಾದರೆ ಅರಣ್ಯ ಇಲಾಖೆಯ ಅನುಮತಿ ಕೇಳಿ. ತೋಟಕ್ಕಾದರೆ ತೋಟದವರನ್ನು ಕೇಳಿ.

ನಿಮ್ಮ ಹತ್ರವೂ ಇಂಥ ಫೋಟೊ ಇರುತ್ತೆ. ಮುಂದಿನ ಸಲ ಹಂಚಿಕೊಳ್ಳುವಾಗ ಫೋಟೊ ಜೊತೆ ಎರಡು ಸಾಲು ಬರೀರಿ: ಎಲ್ಲಿ ಕೂತಿದ್ರಿ, ಎಷ್ಟು ಹೊತ್ತು ಕಾದ್ರಿ, ನೀವು ಎದ್ದು ಬಂದಾಗ ಅದು ಏನು ಮಾಡ್ತಾ ಇತ್ತು.