ಆನೆಗೊಂದಿಯ ಕಾಲುವೆಗಳೂ ಪ್ರವಾಸಿಕರ ಸ್ಮರಣೆಯೂ

ತುಂಗಭದ್ರೆಯ ಎಡದಂಡೆಯಲ್ಲಿ, ಗಂಗಾವತಿ ತಾಲ್ಲೂಕಿನ ಆನೆಗೊಂದಿಗೆ ಬರುವವರು ಬಂಡೆಗುಡ್ಡಗಳ ನಡುವೆ ಹಬ್ಬಿರುವ ಹಸುರನ್ನು ಕಂಡು ಬೆರಗಾಗುವುದು ಸಹಜ. ಕುಷ್ಟಗಿ, ಯಲಬುರ್ಗಾ ಸೀಮೆಗಳ ಮಳೆಯಾಶ್ರಯದ ಹೊಲಗಳನ್ನು ದಾಟಿ ಬಂದವರಿಗಂತೂ ಈ ಭತ್ತದ ಗದ್ದೆಗಳೂ ಬಾಳೆಯ ತೋಟಗಳೂ ಪ್ರಕೃತಿಯ ಕೊಡುಗೆಯೆಂದೇ ತೋರುವುವು. ಆದರೆ ಈ ಹಸುರು ಮನುಷ್ಯರ ದುಡಿಮೆಯಿಂದ ಉಂಟಾದುದು. ಆ ದುಡಿಮೆಯನ್ನು ಪ್ರವಾಸೋದ್ಯಮವು ಎಷ್ಟರಮಟ್ಟಿಗೆ ನೆನೆಯುತ್ತದೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ವಿಜಯನಗರದ ಕಾಲದಲ್ಲಿ, ನದಿಯೊಳಗಿನ ಸಹಜವಾದ ಬಂಡೆಗಳನ್ನೇ ಆಧಾರಮಾಡಿಕೊಂಡು, ದೊಡ್ಡ ಕಲ್ಲುಗಳನ್ನು ಜೋಡಿಸಿ ತಗ್ಗಾದ ಒಡ್ಡುಗಳನ್ನು ಹಾಕಿದರು. ಪ್ರವಾಹ ಬಂದಾಗ ನೀರು ಒಡ್ಡಿನ ಮೇಲೆ ಹರಿದುಹೋಗುವುದು; ಇಳಿದಾಗ ದಂಡೆಯ ಕಡೆಗೆ ತಿರುಗಿ ಕಾಲುವೆಯನ್ನು ಸೇರುವುದು. ಕಾಲುವೆಯು ನೆಲದ ಇಳಿಜಾರನ್ನು ಅನುಸರಿಸಿ ಮೆಲ್ಲನೆ ಸಾಗುತ್ತ ಗದ್ದೆಗಳಿಗೆ ನೀರುಣಿಸುವುದು. ಎಡದಂಡೆಯ ಆನೆಗೊಂದಿ ಕಾಲುವೆ, ಗಂಗಾವತಿಯ ಮೇಲಣ ಮತ್ತು ಕೆಳಗಣ ಕಾಲುವೆಗಳು, ಬಲದಂಡೆಯ ತುರ್ತಾ ಕಾಲುವೆ ಇವೆಲ್ಲ ಈ ವ್ಯವಸ್ಥೆಗೆ ಸೇರಿದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೂ ಇವುಗಳ ಉಪಯೋಗ ನಿಂತಿಲ್ಲ.

ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸನು, ರಾಜಧಾನಿಯ ಬಳಿ ಕಟ್ಟಲಾಗುತ್ತಿದ್ದ ಕೆರೆಯೊಂದರಲ್ಲಿ 15ರಿಂದ 20 ಸಾವಿರ ಜನ ದುಡಿಯುತ್ತಿದ್ದುದನ್ನು ವರ್ಣಿಸಿದ್ದಾನೆ. ಕಟ್ಟಿಸಿದ ಕೃಷ್ಣದೇವರಾಯನ ಹೆಸರನ್ನು ಮಕ್ಕಳೂ ಬಲ್ಲರು. ಮಣ್ಣು ಹೊತ್ತವರ ಹೆಸರನ್ನು ಅವನೂ ಬರೆಯಲಿಲ್ಲ.

ಹಂಪೆಯ ಸ್ಮಾರಕಗಳು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. 2002ರ ಅಧಿನಿಯಮವು ಎರಡು ದಂಡೆಗಳ ಹಳ್ಳಿಗಳನ್ನೂ ಒಂದೇ ಪ್ರಾಧಿಕಾರದ ಆಡಳಿತಕ್ಕೆ ತಂದಿತು. ಆದರೂ ಮಾರ್ಗದರ್ಶಕರ ಮಾತು ಹೆಚ್ಚಾಗಿ ಅರಸರ ಮತ್ತು ರಾಮಾಯಣದ ಕಿಷ್ಕಿಂಧೆಯ ಸುತ್ತಲೇ ನಡೆಯುತ್ತದೆ. ಗದ್ದೆಯು ಚಿತ್ರಕ್ಕೆ ಹಿನ್ನೆಲೆಯಾಗಿ ಉಳಿಯುತ್ತದೆ. ವಿರೂಪಾಪುರ ಗಡ್ಡೆಯಲ್ಲಿ ಈ ನೋಟವನ್ನೇ ಬಂಡವಾಳ ಮಾಡಿಕೊಂಡು ವಸತಿಗೃಹಗಳು ಎದ್ದವು. ಅವು ಅನಧಿಕೃತವೆಂಬ ನಿರ್ಣಯವನ್ನು ಸರ್ವೋಚ್ಚ ನ್ಯಾಯಾಲಯವು 2020ರ ಫೆಬ್ರವರಿಯಲ್ಲಿ ಎತ್ತಿಹಿಡಿಯಲು, ಮುಂದಿನ ತಿಂಗಳಲ್ಲಿ ಅವನ್ನು ಕೆಡವಲಾಯಿತು.

ಹೊರದೇಶದ ನಿದರ್ಶನವೊಂದನ್ನು ಇಲ್ಲಿ ಹೇಳಬಹುದು. ಅಮೆರಿಕದ ಲೂಯಿಸಿಯಾನಾ ಪ್ರಾಂತದಲ್ಲಿ ಹಳೆಯ ಕಬ್ಬಿನ ತೋಟಗಳನ್ನು ತೋರಿಸುವವರು ಬಹುಕಾಲ ಒಡೆಯರ ಭವನಗಳನ್ನೇ ಹೊಗಳುತ್ತಿದ್ದರು. 2014ರಲ್ಲಿ ತೆರೆದ ವಿಟ್ನಿ ತೋಟದ ವಸ್ತುಸಂಗ್ರಹಾಲಯವು ಅಲ್ಲಿ ದುಡಿದ ಗುಲಾಮರ ಬಾಳನ್ನೇ ಮುಂದಿಟ್ಟಿತು. ಆ ಗುಲಾಮಗಿರಿಯೂ ನಮ್ಮ ಬೇಸಾಯವೂ ಒಂದೇ ಎಂದು ಹೇಳಲಾಗದು. ದುಡಿದವರನ್ನು ಮರೆತ ಸ್ಮರಣೆಯು ಅಪೂರ್ಣವೆಂಬ ಪಾಠ ಮಾತ್ರ ಎರಡು ಕಡೆಗೂ ಸಲ್ಲುತ್ತದೆ.

ಆನೆಗೊಂದಿಯಲ್ಲಿ ಹೆಂಗಸರು ಬಾಳೆಯ ನಾರಿನಿಂದ ಚೀಲ, ಬುಟ್ಟಿಗಳನ್ನು ಹೆಣೆದು ಮಾರುತ್ತಿರುವುದು ಒಳ್ಳೆಯ ಮೊದಲು. ಅಲ್ಲಿ ತೋಟವೂ ತೋಟದವರೂ ಪ್ರವಾಸಿಕನ ಕಣ್ಣಿಗೆ ಬೀಳುತ್ತಾರೆ. ತೂಬಿನ ಬಳಿ ಕಾಲುವೆಯ ವೃತ್ತಾಂತವನ್ನು ಬರೆದಿಡುವುದೂ, ನೀರುಗಂಟಿಯ ಬಾಯಿಂದಲೇ ನೀರಿನ ಸರದಿಯನ್ನು ತಿಳಿಸುವುದೂ ಕಷ್ಟವಾದ ಕೆಲಸಗಳಲ್ಲ.

ಇದರಲ್ಲಿ ಕೇವಲ ಕೃತಜ್ಞತೆಯ ಪ್ರಶ್ನೆಯಿಲ್ಲ. ಪಾಳುಬಿದ್ದ ಮಂಟಪವನ್ನು ಕಾವಲಿಟ್ಟು ಉಳಿಸಬಹುದು. ಕಾಲುವೆಯಾದರೋ ಉಪಯೋಗದಿಂದಲೇ ಉಳಿಯತಕ್ಕದ್ದು: ಗದ್ದೆಗಳು ವಸತಿಗೃಹಗಳಾದರೆ ಹೂಳೆತ್ತುವವರಿಲ್ಲ, ಹೂಳೆತ್ತದಿದ್ದರೆ ನೀರಿಲ್ಲ. ಆದುದರಿಂದ ಅಲ್ಲಿನ ರೈತನನ್ನು ಪರಂಪರೆಯ ರಕ್ಷಕರಲ್ಲಿ ಮೊದಲಿಗನೆಂದು ಎಣಿಸುವುದು ಯುಕ್ತವಾಗಿದೆ.