ಹವ್ಯಾಸದ ಹಾಳೆಗಳಲ್ಲಿ ಹುಟ್ಟಿದ ಅತಿಮಾನವ

ನೀಲಿ ಉಡುಪು ತೊಟ್ಟು, ಬೆನ್ನ ಮೇಲೆ ಕೆಂಪು ಮೇಲುವಸ್ತ್ರವನ್ನು ಹಾರಿಸುತ್ತ ಗಗನದಲ್ಲಿ ಸಂಚರಿಸುವ ‘ಸೂಪರ್‌ಮ್ಯಾನ್’ನನ್ನು ಅರಿಯದ ಮಕ್ಕಳು ವಿರಳ. ಆದರೆ ಆತನ ಜನಕರು ಆ ಹೆಸರನ್ನು ಮೊದಲು ಬಳಸಿದುದು ಯಾವ ಹೆಸರಾಂತ ಪತ್ರಿಕೆಯಲ್ಲಿಯೂ ಅಲ್ಲ. ಸೈಕ್ಲೋಸ್ಟೈಲ್ ಮಾಡಿದ ಕೆಲವೇ ಹಾಳೆಗಳ ಒಂದು ಹವ್ಯಾಸಿ ಪತ್ರಿಕೆಯಲ್ಲಿ.

ಇದರ ಮೂಲ 1926ರಷ್ಟು ಹಿಂದಿನದು. ಆ ವರ್ಷದ ಏಪ್ರಿಲ್‌ನಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬಾತನು ನ್ಯೂಯಾರ್ಕಿನಲ್ಲಿ, ವೈಜ್ಞಾನಿಕ ಕಥೆಗಳಿಗೇ ಮೀಸಲಾದ ‘ಅಮೇಜಿಂಗ್ ಸ್ಟೋರೀಸ್’ ಮಾಸಪತ್ರಿಕೆಯನ್ನು ಆರಂಭಿಸಿದನು. ಅದರಲ್ಲಿ ಓದುಗರ ಪತ್ರಗಳೊಡನೆ ಅವರ ವಿಳಾಸವನ್ನೂ ಅಚ್ಚುಮಾಡುವ ರೂಢಿ ಬೆಳೆಯಿತು. ಮುಖಪರಿಚಯವಿಲ್ಲದ ಓದುಗರು ಪರಸ್ಪರ ಕಾಗದ ಬರೆದುಕೊಂಡರು, ಸಂಘಗಳು ಹುಟ್ಟಿದವು. ಅಂತಹ ಸಂಘವೊಂದು 1930ರ ಮೇ ತಿಂಗಳಲ್ಲಿ ಹೊರತಂದ ‘ದಿ ಕಾಮೆಟ್’ ಈ ಬಗೆಯ ಮೊದಲ ಪತ್ರಿಕೆಯೆಂದು ಎಣಿಕೆ.

ಮೇಣ ಲೇಪಿಸಿದ ತೆಳುಹಾಳೆಯ ಮೇಲೆ ಟೈಪು ಮಾಡಿ, ಅದನ್ನು ಮಸಿಯ ಉರುಳೆಗೆ ಸುತ್ತಿ, ಹಿಡಿಯನ್ನು ತಿರುಗಿಸಿ ಪ್ರತಿ ತೆಗೆಯುವುದು. ಬಳಿಕ ಅಂಚೆಗೆ ಹಾಕುವುದು. ಸಂಪಾದಕ, ಮುದ್ರಕ, ಜವಾನ ಎಲ್ಲವೂ ಒಬ್ಬನೇ!

ಓಹಾಯೋ ಪ್ರಾಂತ್ಯದ ಕ್ಲೀವ್‌ಲೆಂಡ್ ನಗರದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಇಂತಹ ಸಾಹಸಿಗಳು. ಆಗ ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟು. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂದು ನೆರೆಹೊರೆಯವರು ನಗುವಂತಹ ಕಾಲದಲ್ಲಿ ಈ ಹುಡುಗರು ‘ಸೈನ್ಸ್ ಫಿಕ್ಷನ್’ ಎಂಬ ಪತ್ರಿಕೆ ಹೊರಡಿಸಿದರು. 1933ರ ಜನವರಿ ಸಂಚಿಕೆಯಲ್ಲಿ, ಸೀಗಲ್ ಬೇರೊಂದು ಹೆಸರಿನಲ್ಲಿ ಬರೆದ ‘ಸೂಪರ್‌ಮ್ಯಾನನ ಆಳ್ವಿಕೆ’ ಎಂಬ ಕಥೆ ಶುಸ್ಟರನ ಚಿತ್ರಗಳೊಡನೆ ಪ್ರಕಟವಾಯಿತು. ಇಬ್ಬರಿಗೂ ಆಗ 18 ವರ್ಷ. ಇದರ ಸೂಪರ್‌ಮ್ಯಾನ್ ವೀರನಲ್ಲ, ಖಳ. ರೊಟ್ಟಿಗಾಗಿ ಸಾಲುಗಟ್ಟಿ ನಿಂತಿದ್ದ ಬಡವನೊಬ್ಬನು ವಿಜ್ಞಾನಿಯ ಔಷಧಿಯಿಂದ ಅಪಾರ ಮನಃಶಕ್ತಿ ಪಡೆದು ಲೋಕವನ್ನೇ ಆಳಹೊರಡುತ್ತಾನೆ. ಕೊನೆಗೆ ಶಕ್ತಿ ಇಳಿದು, ಪುನಃ ಅದೇ ಸಾಲಿಗೆ ಮರಳುತ್ತಾನೆ.

ತರುವಾಯ ಗೆಳೆಯರು ಆ ಹೆಸರನ್ನುಳಿಸಿಕೊಂಡು ಖಳನನ್ನು ಧರ್ಮಪಕ್ಷಪಾತಿಯನ್ನಾಗಿ ಮಾಡಿದರು. ವರ್ಷಗಟ್ಟಲೆ ಪ್ರಕಾಶಕರ ಬಾಗಿಲು ತಟ್ಟಿದರು. 1938ರಲ್ಲಿ 13 ಪುಟಗಳ ಚಿತ್ರಕಥೆ ಸ್ವೀಕೃತವಾಯಿತು. ಪುಟಕ್ಕೆ 10 ಡಾಲರಿನಂತೆ 130 ಡಾಲರು ಕೈಸೇರಿತು. ಅದರೊಡನೆ ಸೂಪರ್‌ಮ್ಯಾನನ ಮೇಲಿನ ಹಕ್ಕೆಲ್ಲವೂ ಪ್ರಕಾಶಕರ ಪಾಲಾಯಿತು. 1947ರಲ್ಲಿ ಗೆಳೆಯರು ನ್ಯಾಯಾಲಯದ ಮೆಟ್ಟಿಲೇರಿದರೂ ಹಕ್ಕು ಹಿಂದಿರುಗಲಿಲ್ಲ. ಅವರ ಹೆಸರೂ ಪುಟದಿಂದ ಮಾಯವಾಯಿತು. 1975ರಲ್ಲಿ, ಅರವತ್ತು ದಾಟಿದ ಮೇಲೆ, ಇಬ್ಬರಿಗೂ ವರ್ಷಕ್ಕೆ 20,000 ಡಾಲರಿನ ವೇತನವೂ ಹೆಸರಿನ ಗೌರವವೂ ಲಭಿಸಿದುವು.

ಹವ್ಯಾಸಿ ಪತ್ರಿಕೆಗಳ ಪರಂಪರೆ ಮಾತ್ರ ನಿಲ್ಲಲಿಲ್ಲ. ಮುಂದೆ ಖ್ಯಾತ ಲೇಖಕನಾದ ರೇ ಬ್ರಾಡ್‌ಬರಿ 1939–40ರಲ್ಲಿ ‘ಫ್ಯೂಚೂರಿಯಾ ಫ್ಯಾಂಟೇಸಿಯಾ’ದ ನಾಲ್ಕು ಸಂಚಿಕೆಗಳನ್ನು ಹೊರತಂದನು. ಇವಕ್ಕೆ ‘ಫ್ಯಾನ್‌ಜೀನ್’ ಎಂಬ ಹೆಸರು ಬಿದ್ದುದು 1940ರಲ್ಲಿ. ‘ಸ್ಟಾರ್ ಟ್ರೆಕ್’ ದೂರದರ್ಶನ ಧಾರಾವಾಹಿಯ ಅಭಿಮಾನಿನಿಯರು 1967ರಲ್ಲಿ ‘ಸ್ಪಾಕನೇಲಿಯಾ’ ಆರಂಭಿಸಿ, ಮೆಚ್ಚಿನ ಪಾತ್ರಗಳಿಗೆ ತಾವೇ ಹೊಸ ಕಥೆ ಕಟ್ಟಿದರು. ಪಾತ್ರ ಪರರದು, ಪ್ರೀತಿ ಮಾತ್ರ ತಮ್ಮದು.

1938ರಲ್ಲಿ 10 ಸೆಂಟಿಗೆ ದೊರೆತಿದ್ದ ಆ ಮೊದಲ ಚಿತ್ರಕಥಾ ಸಂಚಿಕೆಯ ಪ್ರತಿಯೊಂದು 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅದನ್ನು ಕಾಣಲು ಅದರ ಜನಕರಿರಲಿಲ್ಲ. ಅಯೋವಾ ವಿಶ್ವವಿದ್ಯಾನಿಲಯದ ಗ್ರಂಥಾಲಯವಾದರೋ ಸಾವಿರಾರು ಹವ್ಯಾಸಿ ಪತ್ರಿಕೆಗಳನ್ನು ಜೋಪಾನವಾಗಿ ಕಾಪಾಡುತ್ತಿದೆ. ಮನೆಯ ಹುಡುಗನೋ ಹುಡುಗಿಯೋ ನೋಟುಬುಕ್ಕಿನ ಹಾಳೆಗಳನ್ನು ಹೊಲಿದು ‘ಪತ್ರಿಕೆ’ ಮಾಡಿದರೆ, ಹಿರಿಯರು ಅದನ್ನು ರದ್ದಿಗೆ ಹಾಕದಿರುವುದೇ ಲೇಸು.