ಆದಿತ್ಯವಾರದ ಹೊಟ್ಟೆನೋವು

ಕಳೆದ ಸಂಚಿಕೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಕ್ರಮವನ್ನು ತಿಳಿಸಿದ್ದೆ. ಈ ಸಲ ತೆಂಗಿನ ಕುರುವಾಯಿ ಹುಳುವಿನ ಬಗ್ಗೆ ಬರೆಯುವುದೆಂದಿತ್ತು. ಅದನ್ನು ಮುಂದಕ್ಕೆ ಹಾಕಿದ್ದೇನೆ. ಮೊನ್ನೆ ನಮ್ಮ ಇಗರ್ಜಿಯಲ್ಲಿ ಆಲ್ತಾರ್ ಸೇವೆಗೆ ಹೊಸದಾಗಿ ಸೇರಿದ ಮಕ್ಕಳನ್ನು ನೋಡಿದಾಗ, ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಒಬ್ಬ ತಾಯಿ ನನ್ನನ್ನು ಬದಿಗೆ ಕರೆದು ಕೇಳಿದ ಪ್ರಶ್ನೆ ನೆನಪಾಯಿತು. "ಅಕ್ಕಾ, ಪೂಜೆಯ ಸೇವೆಗೆ ಓಡಿ ಓಡಿ ಹೋಗುತ್ತಿದ್ದ ಹುಡುಗ ಈಗ ಆದಿತ್ಯವಾರ ಬಂತೆಂದರೆ ಹೊಟ್ಟೆನೋವು ಅನ್ನುತ್ತಾನೆ. ಹುಳದ ತೊಂದರೆಯಾ?"

ಹುಳದ ತೊಂದರೆ ಇರಲೂಬಹುದು. ಆದರೆ ವಾರದ ಒಂದೇ ದಿನ ಬರುವ ಹೊಟ್ಟೆನೋವಿಗೆ ಹುಳದ ಮಾತ್ರೆ ಕೊಟ್ಟು ಸುಮ್ಮನಾಗಬಾರದು. ಮಗು ಯಾರಿಗೆ ಹೆದರುತ್ತಿದೆ, ಯಾವ ಜಾಗಕ್ಕೆ ಹೋಗಲು ಹಿಂಜರಿಯುತ್ತಿದೆ ಎಂದು ಮೆಲ್ಲನೆ ವಿಚಾರಿಸಬೇಕು. ದೊಡ್ಡ ಮಗು ಮತ್ತೆ ಹಾಸಿಗೆಯಲ್ಲಿ ಮೂತ್ರ ಮಾಡುವುದು, ನಿದ್ದೆಯಲ್ಲಿ ಬೆಚ್ಚುವುದು, ಪಾಠದಲ್ಲಿ ಒಮ್ಮೆಲೇ ಹಿಂದೆ ಬೀಳುವುದು, ಎಲ್ಲಿಂದ ಬಂತೆಂದು ಹೇಳದ ಉಡುಗೊರೆ ಮನೆಗೆ ತರುವುದು, ಇವೂ ಗಮನಿಸಬೇಕಾದ ಸಂಗತಿಗಳೇ. ಯಾವ ಚಿಹ್ನೆಯೂ ಕಾಣದೆ ಇರುವುದೂ ಉಂಟು.

ಲೈಂಗಿಕ ದೌರ್ಜನ್ಯವೆಂದರೆ ದಾರಿಯಲ್ಲಿ ಹೋಗುವ ಅಪರಿಚಿತನ ಕೆಲಸವೆಂದು ನಾವು ನಂಬಿಕೊಂಡಿದ್ದೇವೆ. 2007ರಲ್ಲಿ ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳಲ್ಲಿ ನಡೆಸಿದ ಅಧ್ಯಯನದ ವರದಿ ಹೊರಬಂತು. ಪ್ರಶ್ನಿಸಲ್ಪಟ್ಟ ಮಕ್ಕಳಲ್ಲಿ ಶೇಕಡಾ 53 ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹುಡುಗರು! ಹೆಣ್ಣುಮಕ್ಕಳ ತಾಯಂದಿರಿಗೆ ಮಾತ್ರ ಬುದ್ಧಿ ಹೇಳುವ ನಮಗೆ ಇದು ಹೊಸ ಸುದ್ದಿಯೇ. ಕೈಮಾಡಿದವರಲ್ಲಿ ಸುಮಾರು ಅರ್ಧದಷ್ಟು ಜನ ಮಗುವಿಗೆ ಗುರುತಿದ್ದವರು, ಮಗು ನಂಬಿದ್ದವರು.

ಇಗರ್ಜಿಯಲ್ಲಿ ಆ ನಂಬಿಕೆ ಇನ್ನೂ ಹೆಚ್ಚು. ಗುರುಗಳು, ಧರ್ಮೋಪದೇಶ ಕಲಿಸುವವರು, ಗಾಯನ ಮಂಡಳಿಯ ಮಾಸ್ತರರು, ಹಾಸ್ಟೆಲಿನ ವಾರ್ಡನ್, ದೊಡ್ಡ ಹುಡುಗರು, ಇವರೆಲ್ಲರ ಕೈಯಲ್ಲಿ ನಾವು ಮಕ್ಕಳನ್ನು ಯೋಚಿಸದೆ ಬಿಡುತ್ತೇವೆ. ಬಹುಪಾಲು ಮಂದಿ ಆ ನಂಬಿಕೆಗೆ ತಕ್ಕವರೇ. ದುರುದ್ದೇಶದವನು ಅದರ ಮರೆಯಲ್ಲೇ ನಿಲ್ಲುತ್ತಾನೆ. ಅವನು ಮೊದಲು ಒಲಿಸಿಕೊಳ್ಳುವುದು ಹೆಚ್ಚಾಗಿ ಮನೆಯವರನ್ನು: ಫೀಸಿಗೆ ಸಹಾಯ, ಮನೆಗೆ ಬಂದು ಪ್ರಾರ್ಥನೆ. ಬಳಿಕ ಮಗುವಿಗೆ ಸಣ್ಣ ಉಡುಗೊರೆ, ಮೊಬೈಲಿಗೆ ಗುಟ್ಟಾಗಿ ಸಂದೇಶ, ಆಮೇಲೆ "ಇದು ನಮ್ಮಿಬ್ಬರಲ್ಲೇ ಇರಲಿ". ಹಾಗಾಗಿ ಮಕ್ಕಳಿಗೆ ನಾವು ಕಲಿಸಬೇಕಾದ ಮೊದಲ ಪಾಠ, ಅಪ್ಪ ಅಮ್ಮನಿಗೆ ಹೇಳಬೇಡ ಎಂದು ದೊಡ್ಡವರು ಹೇಳಿದ ಗುಟ್ಟನ್ನು ಆ ದಿನವೇ ಹೇಳಿಬಿಡಬೇಕು ಎಂಬುದು.

ಮಗು ಬಾಯಿ ಬಿಟ್ಟಿತೆನ್ನಿ. ಆಗ "ನೀನು ಯಾಕೆ ಅಲ್ಲಿಗೆ ಹೋದೆ?", "ಫಾದರ್ ಅಂಥವರಲ್ಲ" ಎಂಬ ಮಾತು ಬಂದರೆ ಮಗು ಮತ್ತೆ ತುಟಿ ಬಿಚ್ಚದು. "ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ" ಎನ್ನಬೇಕು. ಮತ್ತೆ ಮತ್ತೆ ಕೆದಕಿ ಕೇಳಬಾರದು; ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ದಿನಾಂಕ ಹಾಕಿ, ಬರೆದಿಡಬೇಕು. "ಕ್ಷಮಿಸಿಬಿಡು ಮಗಾ" ಎಂದು ಅವಸರದಲ್ಲಿ ಉಪದೇಶ ಮಾಡುವವರಿದ್ದಾರೆ. ಆ ಭಾರವನ್ನು ಮಗುವಿನ ತಲೆಗೆ ಹೊರಿಸುವುದು ಎರಡನೆಯ ಪೆಟ್ಟು.

ಘಟನೆ ನಡೆದು ಹೆಚ್ಚು ಹೊತ್ತಾಗಿರದಿದ್ದರೆ ಮಗುವನ್ನು ಮೀಯಿಸದೆ, ಬಟ್ಟೆ ಒಗೆಯದೆ, ಆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಲ್ಲ, ಕಾಗದದಲ್ಲಿ ಸುತ್ತಿ ಆಸ್ಪತ್ರೆಗೆ ಕೊಂಡುಹೋಗಬೇಕು. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಗಳ ಒಳಗೆ ಆರಂಭಿಸಿ 28 ದಿನ ಕೊಡುತ್ತಾರೆ. ಬೇಗ ಆರಂಭಿಸಿದಷ್ಟೂ ಒಳ್ಳೆಯದು. ಸರಕಾರಿ ಇರಲಿ ಖಾಸಗಿ ಇರಲಿ, ಆಸ್ಪತ್ರೆ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡಲೇಬೇಕು. "ಮೊದಲು ಪೊಲೀಸರ ಕಾಗದ ತನ್ನಿ" ಎಂದು ಹಿಂದೆ ಕಳಿಸುವಂತಿಲ್ಲ. ಹೆಣ್ಣುಮಗುವನ್ನು ಪರೀಕ್ಷಿಸುವವರು ಮಹಿಳಾ ವೈದ್ಯರೇ ಆಗಿರಬೇಕು. ದಿನ ಕಳೆದಿದ್ದರೂ ಹೋಗಿ. ಸಾಕ್ಷ್ಯ ಸಿಗದಿದ್ದರೂ ಚಿಕಿತ್ಸೆ ಬೇಕೇ ಬೇಕು.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ಇಂತಹ ವಿಷಯವನ್ನು ವಿಗಾರರ ಕೋಣೆಯಲ್ಲಿ, ಗುರ್ಕಾರರ ಎದುರಿನಲ್ಲಿ ಮುಗಿಸಿಬಿಡೋಣ, ಇಗರ್ಜಿಯ ಮಾನ ಹೋಗದಿರಲಿ ಎಂಬ ಯೋಚನೆ ಒಳ್ಳೆಯವರಿಗೂ ಬರುತ್ತದೆ. ವಯನಾಡಿನ ಪಕ್ಕದ ಕೊಟ್ಟಿಯೂರಿನಲ್ಲಿ ನಡೆದದ್ದನ್ನು ಮರೆಯಲಾಗದು. ಅಲ್ಲಿ ಧರ್ಮಕೇಂದ್ರದ ಗುರುವಿನಿಂದಲೇ ಶಾಲಾ ಬಾಲಕಿ ತಾಯಿಯಾದಳು. ಮೊದಲು ಅವಳ ತಂದೆಯೇ ಅಪರಾಧವನ್ನು ತನ್ನ ಮೇಲೆ ಎಳೆದುಕೊಂಡ. ಒಬ್ಬ ತಂದೆ ಅಂತಹ ಮಾತು ಹೇಳಬೇಕಾದರೆ ಅವನ ಮೇಲಿದ್ದ ಭಾರ ಎಂತಹುದಿರಬೇಕು! 2017ರ ಫೆಬ್ರವರಿಯಲ್ಲಿ ಗುರುವಿನ ಬಂಧನವಾಯಿತು. 2019ರಲ್ಲಿ ತಲಶ್ಶೇರಿ ನ್ಯಾಯಾಲಯ 20 ವರ್ಷಗಳ ಸಜೆ ವಿಧಿಸಿತು. 2021ರಲ್ಲಿ ಹೈಕೋರ್ಟು ಅದನ್ನು 10 ವರ್ಷಕ್ಕೆ ಇಳಿಸಿತು. ರೋಮ್ ಆತನನ್ನು ಗುರುಪದವಿಯಿಂದ ತೆಗೆದುಹಾಕಿತು.

ಮುಚ್ಚಿಡುವುದು ಈಗ ಕಾನೂನಿನ ಕಣ್ಣಿನಲ್ಲೇ ಅಪರಾಧ. 2012ರ ಪೋಕ್ಸೊ ಕಾಯಿದೆಯಂತೆ 18 ವರ್ಷದೊಳಗಿನ ಮಗುವಿನ ಮೇಲೆ ದೌರ್ಜನ್ಯ ನಡೆದಿದೆಯೆಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವರಿಗೆ ಆರು ತಿಂಗಳವರೆಗೆ ಸಜೆ ಇದೆ; ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲದು. ಸುಳ್ಳು ದೂರಾದರೆ ಎಂದು ಹಲವರು ಕೇಳುತ್ತಾರೆ. ಸತ್ಯ ಸುಳ್ಳು ತೂಗುವುದು ತನಿಖೆಯವರ ಕೆಲಸ, ನಮ್ಮದಲ್ಲ. ಅಲ್ಲಿಯವರೆಗೆ ಆರೋಪಿತನನ್ನು ಮಕ್ಕಳ ಹೊಣೆಯಿಂದ ದೂರವಿಡುವುದು ಶಿಕ್ಷೆಯಲ್ಲ, ಜಾಗ್ರತೆ ಮಾತ್ರ.

ಗಡಿನಾಡಿನ ನಮಗೆ ಭಾಷೆಯದೊಂದು ತೊಡಕು. ಠಾಣೆಯಲ್ಲಿ ಮಲಯಾಳದಲ್ಲಿ ಬರೆದುಕೊಳ್ಳುತ್ತಾರೆ, ಮಗು ಹೇಳುವುದು ಕನ್ನಡದಲ್ಲಿ. ಮಗುವಿಗೆ ಅರ್ಥವಾಗುವ ಭಾಷೆಯಲ್ಲೇ ಬರೆಯಬೇಕು, ಅಗತ್ಯವಿದ್ದರೆ ದುಭಾಷಿಯನ್ನು ಒದಗಿಸಬೇಕು ಎಂದು ಅದೇ ಕಾಯಿದೆ ಹೇಳುತ್ತದೆ. ಕೇಳಿ ಪಡೆಯಿರಿ. ಹೇಳಿಕೆಯನ್ನು ಮನೆಯಲ್ಲೇ ಕೊಡಬಹುದು. ಬರುವ ಪೊಲೀಸರು ಸಮವಸ್ತ್ರದಲ್ಲಿರಬಾರದು. ಮಗು ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಘಟನೆ ಅಲ್ಲಿ ನಡೆದಿದ್ದರೂ ನಮ್ಮ ಊರಿನ ಠಾಣೆಯಲ್ಲೇ ದೂರು ಕೊಡಬಹುದು. ದೂರಿನ ಪ್ರತಿಗೆ ಹಣ ಕೊಡಬೇಕಾಗಿಲ್ಲ. ಠಾಣೆಗೆ ಹೋಗಲು ಅಂಜುವವರು 1098ಕ್ಕೆ ಫೋನ್ ಮಾಡಲಿ. ಮಕ್ಕಳೂ ಮಾಡಬಹುದು.

ಧರ್ಮಸಭೆಯ ಕಟ್ಟಳೆಯೂ ಬದಲಾಗಿದೆ. ಪೋಪ್ ಫ್ರಾನ್ಸಿಸರು 2019ರ ಮೇ ತಿಂಗಳಲ್ಲಿ ಹೊರಡಿಸಿ 2023ರಲ್ಲಿ ಖಾಯಂಗೊಳಿಸಿದ ಆಜ್ಞೆಯಂತೆ, ದೌರ್ಜನ್ಯದ ಸುಳಿವು ಸಿಕ್ಕ ಗುರುಗಳೂ ಧರ್ಮಭಗಿನಿಯರೂ ಅದನ್ನು ಮೇಲಿನವರಿಗೆ ತಿಳಿಸಲೇಬೇಕು. ದೂರಿತ್ತವರ ಬಾಯಿ ಮುಚ್ಚಿಸುವಂತಿಲ್ಲ. 2019ರ ಡಿಸೆಂಬರಿನಲ್ಲಿ ಇಂತಹ ಪ್ರಕರಣಗಳಿಂದ "ಪೋಪರ ಗೌಪ್ಯ"ವನ್ನೂ ತೆಗೆದರು. ಪಾಪನಿವೇದನೆಯ ಮುದ್ರೆ ಮಾತ್ರ ಹಾಗೆಯೇ ಇದೆ. ಅಲ್ಲಿ ಮಗು ಹೇಳಿದ್ದನ್ನು ಗುರುಗಳು ಹೊರಗೆ ಆಡುವಂತಿಲ್ಲ. ಆದರೆ ಇದು ನಿನ್ನ ಪಾಪವಲ್ಲ, ಹೊರಗೆ ನೀನು ನಂಬಿದವರಿಗೆ ಹೇಳು ಎಂದು ಧೈರ್ಯ ತುಂಬಬಹುದು. ಬಿಷಪರಿಗೆ ಬರೆದ ದೂರು ಪೊಲೀಸರಿಗೆ ಕೊಡುವ ದೂರಿಗೆ ಬದಲಿಯಲ್ಲ; ಎರಡೂ ಬೇಕು.

ಪಾಲನಾ ಪರಿಷತ್ತಿನವರಲ್ಲಿ ನನ್ನ ಬೇಡಿಕೆ ಸಣ್ಣದು. ಸಕ್ರಿಸ್ತಿಯಲ್ಲಿ ಮಕ್ಕಳಿರುವಾಗ ಬಾಗಿಲು ತೆರೆದಿರಲಿ. ಪ್ರವಾಸಕ್ಕೆ, ಶಿಬಿರಕ್ಕೆ ದೊಡ್ಡವರು ಇಬ್ಬರಿಗೆ ಕಡಿಮೆಯಿಲ್ಲದೆ ಹೋಗಲಿ, ಮಲಗುವ ಕೋಣೆ ಬೇರೆಯಿರಲಿ. ಮಕ್ಕಳಿಗೆ ಸಂದೇಶ ಕಳಿಸುವುದಿದ್ದರೆ ಹೆತ್ತವರಿರುವ ಗುಂಪಿಗೇ ಕಳಿಸಲಿ. ಶಾಲೆ, ಹಾಸ್ಟೆಲುಗಳಲ್ಲಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು 2020ರ ಪೋಕ್ಸೊ ನಿಯಮಗಳೇ ಕಡ್ಡಾಯ ಮಾಡಿವೆ. ಧರ್ಮೋಪದೇಶದವರಿಗೂ ಅದನ್ನು ಮಾಡಿದರೆ ಯಾರೂ ಮುನಿಸಿಕೊಳ್ಳಬೇಕಾಗಿಲ್ಲ, ನಾನೂ ಸೇರಿ. ಸೂಚನಾ ಫಲಕದಲ್ಲಿ ವಂತಿಗೆಯ ಪಟ್ಟಿಯ ಪಕ್ಕ 1098 ಎಂದು ದೊಡ್ಡದಾಗಿ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ, ಬರೆಯಿಸಲಿ.

ಆ ತಾಯಿಗೆ ಹುಡುಗ ಕೊನೆಗೆ ಏನು ಹೇಳಿದ ಎಂದು ಕೆಲವರು ಕೇಳಬಹುದು. ಮಗುವಿನ ಗುರುತು ಸಿಗುವ ಯಾವುದನ್ನೂ ಅಚ್ಚು ಹಾಕಬಾರದೆಂದು ಕಾನೂನಿದೆ. ಮೇಲಿನ ವಿವರಗಳನ್ನೂ ತುಸು ಬದಲಿಸಿಯೇ ಬರೆದಿದ್ದೇನೆ. ಕುರುವಾಯಿ ಹುಳುವಿನ ಬಗ್ಗೆ ಮುಂದಿನ ಸಂಚಿಕೆಯಲ್ಲಿ.